ಕ್ಯೂಸೆಕ್ ಬ್ಯಾಡ್ರಿ, ಫೂಟಿನ ಲೆಕ್ಕ ಹೇಳ್ರಿ

ಮಿರಗ ಕೂಡಿತು. ಹೊಳಿಯಾಗ ಇನ್ನೂ ಕಲ್ಲು ಕಾಣ್ತಾವ. ಇನ್ನೊಂದೂವರೆ ತಿಂಗಳು ಹೋಗಲಿ, ಪುಷ್ಯ ಮಳೆ ಘಟ್ಟದ ಮೇಲೆ ಹಿಡಿಯಲಿ, ಮೊಬೈಲಿಗೆ ಅದೇ ಹಳೇ ಮಾತು ಬರುತ್ತದೆ: "ಹಿಡಕಲ್ ಜಲಾಶಯದಿಂದ ಘಟಪ್ರಭಾ ನದಿಗೆ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ. ನದಿತೀರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು."

ಮುಧೋಳ ತಾಲ್ಲೂಕಿನ ಹೊಳೆದಂಡೆಯ ರೈತನಾಗಿ ಹೇಳ್ತೀನಿ, ಇದು ಎಚ್ಚರಿಕೆ ಅಲ್ಲ. ಇದು ಹೇಳಿದವರು ತಮ್ಮ ಹೆಗಲ ಮೇಲಿನ ಭಾರ ನಮ್ಮ ಹೆಗಲಿಗೆ ದಾಟಿಸುವ ಚೀಟಿ. ನಾಳೆ ಎಮ್ಮೆ ತೇಲಿ ಹೋದರೆ "ಹೇಳಿದ್ವಲ್ಲ" ಅನ್ನೋದಕ್ಕೆ ದಾಖಲೆ. ಈ ಮಾತು ಕೆಲವರಿಗೆ ಖಾರ ಆಗಬಹುದು. ಆಗಲಿ. ಪೂರ್ತಿ ಓದಿ ಆಮೇಲೆ ಬೈರಿ.

ಮೊದಲು ಕ್ಯೂಸೆಕ್ ಅಂದರೆ ಏನು ಅಂತ ಬಿಚ್ಚಿ ನೋಡೋಣ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. 50 ಸಾವಿರ ಕ್ಯೂಸೆಕ್ ಅಂದರೆ ದಿನಕ್ಕೆ ಹತ್ತಿರಹತ್ತಿರ ನಾಲ್ಕೂಕಾಲು ಟಿಎಂಸಿ. 51 ಟಿಎಂಸಿ ಹಿಡಿಯುವ ಹಿಡಕಲ್ ಡ್ಯಾಮಿನ ಎಂಜಿನಿಯರಿಗೆ ಈ ಲೆಕ್ಕ ಬೇಕೇ ಬೇಕು. ಎಷ್ಟು ಒಳಹರಿವು, ಎಷ್ಟು ಹೊರಹರಿವು, ಗೇಟು ಎಷ್ಟು ಎತ್ತಬೇಕು ಅಂತ ಅವರು ಅದರಲ್ಲೇ ನೋಡಬೇಕು. ಅವರ ಕೆಲಸಕ್ಕೆ ಅದು ಸರಿಯಾದ ಮಾಪು.

ನಮ್ಮ ಕೆಲಸಕ್ಕೆ ಅಲ್ಲ. ಯಾಕಂದ್ರ ಹೊಳೆಯಲ್ಲಿ ಕ್ಯೂಸೆಕ್ ಅಂದರೆ ಅಗಲ, ಆಳ, ಓಟ ಈ ಮೂರರ ಗುಣಾಕಾರ. ಒಂದು ಜಾಗದಲ್ಲಿ ಹೊಳೆ 500 ಅಡಿ ಅಗಲ, 20 ಅಡಿ ಆಳ, ಸೆಕೆಂಡಿಗೆ 5 ಅಡಿ ಓಟ ಇದ್ದರೆ 50 ಸಾವಿರ ಕ್ಯೂಸೆಕ್ ಆಯಿತು. ಅದೇ ಜಾಗದಲ್ಲಿ ಮುಂದೆ ಎಲ್ಲೋ ನೀರು ತಡೆದು ಓಟ 5 ಅಡಿಯಿಂದ 4 ಅಡಿಗೆ ಇಳಿಯಿತು ಅಂತ ಇಟ್ಕೊಳ್ರಿ. ಅಷ್ಟೇ ನೀರು ಹೋಗಬೇಕಾದರೆ ಆಳ 25 ಅಡಿ ಆಗಬೇಕು. ಕ್ಯೂಸೆಕ್ ಬದಲಾಗಿಲ್ಲ, ಮೆಸೇಜೂ ಬದಲಾಗಿಲ್ಲ. ಆದರೆ ನಿಮ್ಮ ಕೊಟ್ಟಿಗೆಯಲ್ಲಿ ಐದು ಅಡಿ ನೀರು ಹೆಚ್ಚಿಗೆ ನಿಂತಿದೆ. ಐದು ಅಡಿ ಅಂದರೆ ಕಟ್ಟಿದ ಎಮ್ಮೆಯ ಮೂಗಿಗಿಂತ ಮೇಲೆ.

ಓಟ ಯಾಕೆ ಕಡಿಮೆ ಆಗುತ್ತದೆ? ಕಾರಣ ಹೊಳೆದಂಡೆಯವರಿಗೆಲ್ಲ ಗೊತ್ತಿವೆ. ಬ್ಯಾರೇಜಿನ ಗೇಟು ಮಳೆಗಾಲಕ್ಕೆ ಮುಂಚೆ ತೆಗೆಯದೆ ಬಿಟ್ಟಿರುತ್ತಾರೆ. ಸೇತುವೆ ಕಂಬಗಳಿಗೆ ಗಿಡ, ಕಬ್ಬಿನ ರವದಿ, ಕಸ ಬಂದು ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಕೆಳಗಡೆ ಆಲಮಟ್ಟಿ ಹಿನ್ನೀರು ಏರಿರುತ್ತದೆ, ಬಾಗಲಕೋಟೆ ಕಡೆ ಹೊಳೆ ಹರಿಯುವುದು ಬಿಟ್ಟು ನಿಲ್ಲಲು ಶುರು ಮಾಡುತ್ತದೆ. ಇದರಲ್ಲಿ ಒಂದಾದರೂ ಹಿಡಕಲ್ಲಿನ ಕ್ಯೂಸೆಕ್ಕಿನಲ್ಲಿ ಕಾಣ್ತದೇನು? ಕಾಣಂಗಿಲ್ಲ. ಅಂಕಿ ಡ್ಯಾಮಿನ ಬಾಗಿಲಿನದು, ಮುಳುಗುವುದು ನಮ್ಮ ಬಾಗಿಲು.

ಇನ್ನೊಂದು. ಡ್ಯಾಮಿನಿಂದ ಬಿಟ್ಟ ನೀರಷ್ಟೇ ನಮ್ಮ ಹೊಳೆ ಅಲ್ಲ. ಅಂಬೋಲಿ ಘಟ್ಟದ ಕಡೆಯಿಂದ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಹಿರಣ್ಯಕೇಶಿ ಬಂದು ಸೇರುತ್ತಾಳೆ. ಬೆಳಗಾವಿಯ ಮಳೆ ಹೊತ್ತುಕೊಂಡು ಗೊಡಚಿನಮಲ್ಕಿಯಲ್ಲಿ ಧುಮುಕಿ ಮಾರ್ಕಂಡೇಯ ಬರುತ್ತದೆ. ಬಳ್ಳಾರಿ ನಾಲಾದ ನೀರೂ ಇದರೊಳಗೇ ಬಂತು. ಗೋಕಾಕದ ಲೋಳಸೂರ ಸೇತುವೆ ಹತ್ತಿರ ಇವೆಲ್ಲ ಕೂಡಿದ ಮೇಲೆ ಇರುವುದು ನಮ್ಮ ಪಾಲಿನ ಘಟಪ್ರಭಾ. ಹಿಡಕಲ್ಲಿನಿಂದ ಕಡಿಮೆ ಬಿಟ್ಟ ದಿನವೂ ಹೊಳೆ ದಂಡೆ ಮೀರಬಹುದು. "ಡ್ಯಾಮಿನಿಂದ ಬಿಟ್ಟದ್ದು ಇಷ್ಟೇ ಅಲ್ಲೇನ್ರಿ" ಅಂತ ಧೈರ್ಯವಾಗಿ ಮಲಗಿದವರು ಪಂಪ್‌ಸೆಟ್ ಕಳೆದುಕೊಂಡದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇವೆ.

ಈಗ ಗಡಿಯ ಆಚೆ ನೋಡ್ರಿ. ನಮ್ಮ ಭಾಗದ ಎಷ್ಟೋ ಮನೆಗಳ ಬೀಗರು ಕೊಲ್ಹಾಪುರ, ಸಾಂಗ್ಲಿ ಕಡೆ ಇದ್ದಾರೆ. ಮಳೆಗಾಲದಲ್ಲಿ ಅವರಿಗೆ ಫೋನ್ ಹಚ್ಚಿ "ನೀರ್ ಹೆಂಗೈತ್ರಿ ಮಾಮಾ" ಅಂತ ಕೇಳಿದರೆ ಕ್ಯೂಸೆಕ್ ಹೇಳುವುದಿಲ್ಲ. "ರಾಜಾರಾಮ ಬಂಧಾರಾದಾಗ 37 ಫೂಟ್ ಆಗೇತಿ, ಏರಾಕತ್ತೇತಿ" ಅಂತಾರೆ. ಕೊಲ್ಹಾಪುರದ ಪಂಚಗಂಗೆಗೆ ರಾಜಾರಾಮ ಬಂಧಾರಾ ಅಳತೆಗೋಲು. 39 ಫೂಟ್ ಆದರೆ ಇಶಾರೆ, 43 ಫೂಟ್ ಆದರೆ ಅಪಾಯ. ಸಾಂಗ್ಲಿಯಲ್ಲಿ ಕೃಷ್ಣೆಗೆ ಆಯರ್ವಿನ್ ಪೂಲು ಅಳತೆಗೋಲು. ಅಲ್ಲಿ 40 ಇಶಾರೆ, 45 ಅಪಾಯ. ಹಾಲಿನ ಡೇರಿಯವನು, ರಿಕ್ಷಾದವನು, ಸಾಲಿ ಹುಡುಗ, ಎಲ್ಲರಿಗೂ ಆ ನಂಬರ್ ಬಾಯಿಪಾಠ. ಎಷ್ಟು ಫೂಟಿಗೆ ಯಾವ ಓಣಿಗೆ ನೀರು ಬರುತ್ತದೆ ಅಂತ ಅವರವರ ಓಣಿಯವರಿಗೆ ಗೊತ್ತು. ಎರಡು ಫೂಟ್ ಮುಂಚೆಯೇ ಸಾಮಾನು ಮೇಲೇರುತ್ತದೆ.

"ಹಂಗಾದ್ರ 2019ರಾಗ ಕೊಲ್ಹಾಪುರ, ಸಾಂಗ್ಲಿ ಮುಳುಗಲಿಲ್ಲೇನು?" ಅಂತ ಕೇಳ್ತೀರಿ. ಮುಳುಗಿದವು. 2021ರಲ್ಲೂ ಮುಳುಗಿದವು. ಗೋಡೆ ಮೇಲಿನ ಗೆರೆ ನೀರನ್ನು ತಡೆಯುವುದಿಲ್ಲ. ಅದು ಕೊಡುವುದು ವ್ಯಾಳ್ಯಾ. ಆ ವ್ಯಾಳ್ಯಾದ ಬೆಲೆ ಏನು ಅಂತ ತಿಳಿಯಬೇಕಾದರೆ ಅದೇ 2019ರ ಆಗಸ್ಟಿನಲ್ಲಿ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಏನಾಯಿತು ನೆನೆಸಿಕೊಳ್ರಿ. ಊರು ಸುತ್ತ ನೀರು ಬಂದ ಮೇಲೆ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ರಸ್ತೆ ಒಣಗಿದ್ದಾಗ ಟ್ರ್ಯಾಕ್ಟರಿನಲ್ಲಿ ಹೋಗುವುದಕ್ಕೂ ರಸ್ತೆ ಮುಳುಗಿದ ಮೇಲೆ ದೋಣಿ ಹತ್ತುವುದಕ್ಕೂ ಇರುವ ಫರಕು ಕೆಲವೇ ತಾಸಿನದು. ಆ ಕೆಲವೇ ತಾಸಿನ ಸಲುವಾಗಿ ಇಷ್ಟು ಉದ್ದ ಬರೀತಿದ್ದೀನಿ.

ಇಂಥ ಅಳತೆಗೋಲು ನಮ್ಮ ನಾಡಿಗೆ ಹೊಸದೂ ಅಲ್ಲ. ಶಿವಮೊಗ್ಗದವರನ್ನು ಕೇಳ್ರಿ, ಕೋರ್ಪಲಯ್ಯನ ಮಂಟಪ ಮುಳುಗಿತೋ ಇಲ್ಲೋ ಅಂತ ನೋಡಿ ತುಂಗೆ ತುಂಬಿದಳು ಅಂತಾರೆ. ಶೃಂಗೇರಿಯಲ್ಲಿ ಕಪ್ಪೆ ಶಂಕರನ ಗುಡಿ. ನಂಜನಗೂಡಿನಲ್ಲಿ ಕಪಿಲೆಗೆ ಹದಿನಾರು ಕಾಲಿನ ಮಂಟಪ. ಹಂಪಿಯಲ್ಲಿ ಪುರಂದರ ಮಂಟಪ. ನಮ್ಮ ತಾಲ್ಲೂಕಿನಲ್ಲಿ ಮಾಚಕನೂರಿನ ಹೊಳೆಬಸವೇಶ್ವರನ ಗುಡಿಗೆ ನೀರು ಬಂತು ಅಂದರೆ ಕೆಳಗಿನ ಊರಿನವರೆಲ್ಲ ಎದ್ದು ಕೂರುತ್ತಾರೆ. ನಮ್ಮ ಹಿರೇರು ಹೊಳೆಯನ್ನು ಕಲ್ಲಿನಿಂದ, ಮೆಟ್ಟಿಲಿನಿಂದ, ಬಸವಣ್ಣನ ಕೊಂಬಿನಿಂದ ಅಳೆದರು. ಅದು ಆಳದ ಲೆಕ್ಕ, ಕಣ್ಣಿಗೆ ಕಾಣುವ ಲೆಕ್ಕ. ಡ್ಯಾಂ ಬಂದ ಮೇಲೆ ಸರ್ಕಾರ ನಮಗೆ ಬೇರೆ ಲೆಕ್ಕ ಕೊಟ್ಟಿತು, ಆದರೆ ಹಳೇ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ನಡುವೆ ಕೊಂಡಿ ಹಾಕಿಕೊಡಲಿಲ್ಲ. ಇಂತಿಷ್ಟು ಸಾವಿರ ಕ್ಯೂಸೆಕ್ ಲೋಳಸೂರು ದಾಟಿದರೆ ಇಂತಿಷ್ಟು ತಾಸಿಗೆ ಹೊಳೆಬಸವಣ್ಣನ ಎಷ್ಟನೇ ಮೆಟ್ಟಿಲು ಅಂತ ನಮ್ಮ ಪಂಚಾಯ್ತಿ ಗೋಡೆಯ ಮೇಲೆ ಯಾರೂ ಬರೆದಿಲ್ಲ. ಬರೆಯಬೇಕಾದದ್ದು ಅದೊಂದೇ ಸಾಲು.

ಹಿರೇರ ಗುರುತಷ್ಟೇ ಸಾಕು ಅಂತಲೂ ನಾನು ಹೇಳುವುದಿಲ್ಲ. "ನಮ್ಮ ಮುತ್ಯಾನ ಕಾಲಕ್ಕ ಇಲ್ಲಿತನ ನೀರು ಬಂದಿದ್ದಿಲ್ಲ" ಅಂತ ಕಟ್ಟೆಯ ಮೇಲೆ ಕೂತು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಮುತ್ಯಾನ ಕಾಲದ ಹೊಳೆ ಈಗ ಇಲ್ಲ. ಉಸುಕು ತೆಗೆದು ತಳ ಕೆಡಿಸಿದ್ದಾರೆ. ಇಟ್ಟಂಗಿ ಭಟ್ಟಿಗೆ ದಂಡೆಯ ಮಣ್ಣು ಕಡಿದಿದ್ದಾರೆ. ಹಳ್ಳ ಹೊಳೆಗೆ ಸೇರುವ ಬಾಯಿಯಲ್ಲಿ ಮಣ್ಣು ತುಂಬಿ ಕಬ್ಬು ನೆಟ್ಟಿದ್ದಾರೆ. ನೆಟ್ಟವರು ಬೆಂಗಳೂರಿನವರಲ್ಲ, ನಮ್ಮವರೇ. ಹೊಳೆ ಏರಿದಾಗ ಹಿಂದಕ್ಕೆ ಸರಿಯಲು ನೀರಿಗೆ ಜಾಗ ಇರಲಿ ಅಂತ ಬಿಟ್ಟಿದ್ದ ತಗ್ಗನ್ನೆಲ್ಲ ಸಾಗುವಳಿ ಮಾಡಿ, ಆಮೇಲೆ ನೀರು ನನ್ನ ಹೊಲಕ್ಕೆ ಬಂತು ಅಂತ ಅತ್ತರೆ ಹೊಳೆ ಏನು ಮಾಡಬೇಕು? ಅದಕ್ಕೇ ಪ್ರತಿ ವರ್ಷ ಹೊಸದಾಗಿ ಅಳೆಯಬೇಕು ಅನ್ನುವುದು. ಹೋದ ವರ್ಷದ ಕ್ಯೂಸೆಕ್ಕಿಗೆ ಹೋದ ವರ್ಷದ ಫೂಟು, ಈ ವರ್ಷದ್ದು ಬೇರೆ ಇರಬಹುದು.

ಅಧಿಕಾರಿಗಳ ಕಡೆಯಿಂದ ಬರುವ ಉತ್ತರ ಮೂರು. ಒಂದೊಂದಾಗಿ ನೋಡೋಣ.

ಮೊದಲನೇದು, "ಎಲ್ಲಾ ಮಾಹಿತಿ ಆನ್‌ಲೈನ್ ಐತ್ರಿ." ಇದೆ, ಸುಳ್ಳಲ್ಲ. ಕೇಂದ್ರ ಜಲ ಆಯೋಗ ನದಿಗಳ ಮಟ್ಟ ಅಳೆಯುತ್ತದೆ, ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ, ಹಿಂದೆಂದೋ ಮುಟ್ಟಿದ ಅತಿ ಹೆಚ್ಚಿನ ಮಟ್ಟ ಅಂತ ಮೂರು ಗೆರೆ ಇಟ್ಟುಕೊಂಡು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. 2023ರಲ್ಲಿ ಫ್ಲಡ್‌ವಾಚ್ ಅಂತ ಆ್ಯಪ್ ಕೂಡ ತಂದರು. ಒಳ್ಳೇ ಕೆಲಸ, ಇಳಿಸಿಕೊಳ್ರಿ. ಆದರೆ ಅಲ್ಲಿನ ಮಟ್ಟ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅಂತ ಇರುತ್ತದೆ. ನನ್ನ ಕೊಟ್ಟಿಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಅಂತ ನನಗೆ ಯಾವ ಇಲಾಖೆ ಹೇಳಿಕೊಟ್ಟಿದೆ? ಮಾಪನ ಇರುವ ಜಾಗಕ್ಕೂ ನಮ್ಮೂರಿಗೂ ನಡುವೆ ಎಷ್ಟೋ ಹಳ್ಳ, ಎಷ್ಟೋ ಬ್ಯಾರೇಜು. ಹೊಳೆ ಏರಿದ ರಾತ್ರಿ ಮೊದಲು ಹೋಗುವುದೇ ಕರೆಂಟು, ಅದರ ಹಿಂದೆ ಟವರು. ಚಾರ್ಜ್ ಇಲ್ಲದ ಮೊಬೈಲಿನಲ್ಲಿ ಆ್ಯಪ್ ಇದ್ದರೇನು, ಹೋದರೇನು. ಸೇತುವೆ ಕಂಬಕ್ಕೆ ಬಳಿದ ಬಣ್ಣಕ್ಕೆ ನೆಟ್‌ವರ್ಕ್ ಬೇಕಿಲ್ಲ, ಒಂದು ಬ್ಯಾಟರಿ ಸಾಕು.

ಎರಡನೇದು, "ನಿಮ್ಮ ಮಂದಿಗೆ ಅಂಕಿ ಹೇಳಿದ್ರ ತಿಳಿಯಂಗಿಲ್ಲ." ಇದಕ್ಕೆ ನನಗೆ ಸಿಟ್ಟು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಯಾವ ಅಜ್ಜಿಯನ್ನಾದರೂ ಕೇಳ್ರಿ, ಆಲಮಟ್ಟಿ 519.60 ಮೀಟರ್ ಅಂತ ಹೇಳ್ತಾಳೆ. 524.256 ಮೀಟರಿಗೆ ಎತ್ತರಿಸಿದರೆ ಯಾರ ಹೊಲ ಹೋಗುತ್ತದೆ, ಯಾರದು ಉಳಿಯುತ್ತದೆ ಅಂತ ಪಾಯಿಂಟ್ ಬಿಡದೆ ಹೇಳ್ತಾಳೆ. 2010ರ ನ್ಯಾಯಾಧೀಕರಣದ ತೀರ್ಪು ಬಂದಾಗಿನಿಂದ ಆ ಸಂಖ್ಯೆ ನಮ್ಮ ಮದುವೆ ಮಾತುಕತೆಯಲ್ಲೂ ಬರುತ್ತದೆ. ದಶಾಂಶದ ಮುಂದೆ ಮೂರು ಅಂಕಿ ನೆನಪಿಡುವ ಜನಕ್ಕೆ, ಸೇತುವೆಯಲ್ಲಿ 18 ಫೂಟ್ ಆದರೆ ದನ ಬಿಚ್ಚು ಅನ್ನೋದು ತಿಳಿಯಂಗಿಲ್ಲೇನು? ಅಂಕಿ ನಮ್ಮ ಮನೆಗೆ ಸಂಬಂಧಪಟ್ಟಿದ್ದರೆ ನಾವು ಮರೆಯುವುದಿಲ್ಲ. ಸಂಬಂಧ ಇಲ್ಲದ ಅಂಕಿ ಕೊಟ್ಟು ತಿಳಿಯಲಿಲ್ಲ ಅಂದರೆ ತಪ್ಪು ಕೇಳಿದವನದಲ್ಲ.

ಮೂರನೇದು, "ಪದೇ ಪದೇ ಹೇಳಿದ್ರ ಜನ ಗಾಬರಿ ಆಗ್ತಾರ." ಗಾಬರಿ ಯಾವಾಗ ಆಗುತ್ತದೆ ಗೊತ್ತೇನು? ಸರಿಯಾದ ಸುದ್ದಿ ಸಿಗದೇ ಇದ್ದಾಗ. ಮಳೆಗಾಲ ಬಂತೆಂದರೆ ಎಲ್ಲಿಯದೋ ಡ್ಯಾಮಿನ ಹಳೇ ವಿಡಿಯೊ ತಂದು "ಈಗಷ್ಟೇ ಗೇಟ್ ಮುರಿಯಿತು, ಎಲ್ಲರೂ ಓಡಿರಿ" ಅಂತ ವಾಟ್ಸ್ಆ್ಯಪಿನಲ್ಲಿ ಬಿಡುವವರು ಇದ್ದೇ ಇರುತ್ತಾರೆ. ಎರಡು ಸಲ ಓಡಿ ಬಂದ ಊರು ಮೂರನೇ ಸಲ ಓಡುವುದಿಲ್ಲ. ಮೂರನೇ ಸಲವೇ ನಿಜ ಆಗಿಬಿಟ್ಟರೆ? ಮೂರು ತಾಸಿಗೊಮ್ಮೆ ಸೇತುವೆಯ ಫೂಟು, ಏರುತ್ತಿದೆಯೋ ಇಳಿಯುತ್ತಿದೆಯೋ, ತಾಸಿಗೆ ಎಷ್ಟು ಇಂಚು ಅಂತ ಪಂಚಾಯ್ತಿ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದರೆ ಸುಳ್ಳು ಸುದ್ದಿ ತಾನೇ ಸಾಯುತ್ತದೆ.

ನಾವು ಸುಮ್ಮನೆ ಕೂತಿಲ್ಲ. ಹೋದ ವರ್ಷ ನಾಲ್ಕು ಜನ ಕೂಡಿ ಒಂದು ಕಚೇರಿಗೆ ಅರ್ಜಿ ಒಯ್ದಿದ್ದೆವು. ಸೇತುವೆ ಕಂಬಕ್ಕೆ ಅಳತೆಪಟ್ಟಿ ಬರೆಸಿಕೊಡ್ರಿ ಅಂತ. "ಅದು ನಮ್ಮ ವ್ಯಾಪ್ತಿಗೆ ಬರಂಗಿಲ್ಲ" ಅಂದರು. ಬೇರೆ ಕಚೇರಿಗೆ ಹೋದರೆ "ಸೇತುವೆ ಅವರದು, ನೀರು ಇವರದು, ಬಣ್ಣಕ್ಕ ಯಾರ ಹೆಡ್ಡಿನಾಗ ರೊಕ್ಕ ಹಾಕೂದು?" ಅಂದರು. ಒಂದು ಡಬ್ಬಿ ಬಣ್ಣಕ್ಕೆ ಹೆಡ್ಡು ಸಿಗದ ವ್ಯವಸ್ಥೆಗೆ ಆಮೇಲೆ ಗಂಜಿ ಕೇಂದ್ರಕ್ಕೆ ಹೆಡ್ಡು ಸಿಗುತ್ತದೆ.

ಪರಿಹಾರದ ಲೆಕ್ಕವನ್ನೂ ಇಲ್ಲೇ ಹಾಕಿಬಿಡೋಣ. ವಿಪತ್ತು ನಿಧಿಯ 2022ರ ನಿಯಮದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17 ಸಾವಿರ, ಅದೂ ಎರಡು ಹೆಕ್ಟೇರಿನ ಮಟ್ಟಿಗೆ, ಅದೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ. ಎಕರೆಗೆ ಬಂದದ್ದು ಏಳು ಸಾವಿರಕ್ಕೂ ಕಡಿಮೆ. ಎಕರೆಗೆ 40 ಟನ್ ತೆಗೆಯುವವನ ಕಬ್ಬು ಟನ್ನಿಗೆ ಮೂರು ಸಾವಿರದಂತೆ ಹಿಡಿದರೂ ಒಂದು ಲಕ್ಷದ ಇಪ್ಪತ್ತು ಸಾವಿರ. ಹಾಲು ಕೊಡುವ ಎಮ್ಮೆ ಸತ್ತರೆ 37,500. ಆ ರೊಕ್ಕಕ್ಕೆ ಸಂತೆಯಲ್ಲಿ ಮುರ್ರಾ ಎಮ್ಮೆ ಯಾರು ಕೊಡ್ತಾರೆ ತೋರಿಸ್ರಿ. ಕಬ್ಬನ್ನು ಹೊತ್ತುಕೊಂಡು ಓಡಲಿಕ್ಕೆ ಬರುವುದಿಲ್ಲ, ಒಪ್ಪಿಕೊಂಡೆ. ಅದು ಹೊಳೆಯ ಪಾಲು. ಆದರೆ ಎಮ್ಮೆ ನಡೆಯುತ್ತದೆ. ಮೋಟರ್ ಬಿಚ್ಚಲಿಕ್ಕೆ ಬರುತ್ತದೆ. ಸ್ಟಾರ್ಟರ್, ಕೇಬಲ್, ಜೋಳದ ಚೀಲ, ಮಕ್ಕಳ ಮಾರ್ಕ್ಸ್ ಕಾರ್ಡು, ಹೊಲದ ಉತಾರ, ಇವೆಲ್ಲ ಒಂದು ಟ್ರೇಲರಿನಲ್ಲಿ ಹಿಡಿಯುತ್ತವೆ. ಹಗಲು ಹೊತ್ತು ಆರು ತಾಸು ಮುಂಚೆ ಗೊತ್ತಾದರೆ ಸಾಕು. ರಾತ್ರಿ ಎರಡಕ್ಕೆ ಮೈಕಿನ ಗಾಡಿ ಬಂದು "ತೆರಳಬೇಕು" ಅಂತ ಕೂಗಿ ಹೋದರೆ ಕೈಗೆ ಸಿಗುವುದು ಮಕ್ಕಳಷ್ಟೇ. ಪರಿಹಾರ ಕೇಳುವುದನ್ನು ನಾವು ಕಲಿತಿದ್ದೇವೆ, ಚೆನ್ನಾಗಿ ಕಲಿತಿದ್ದೇವೆ. ಪರಿಹಾರ ಬೇಕಾಗದ ಹಾಗೆ ಮೊದಲೇ ಸುದ್ದಿ ಕೊಡ್ರಿ ಅಂತ ಕೇಳುವುದನ್ನು ಯಾವಾಗ ಕಲಿಯುತ್ತೇವೆ?

ಈ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ ನೆಟ್ಟಿದ್ದಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ ಕೆಲಸಕ್ಕೆ ನಾನು ಕೈ ಮುಗೀತೀನಿ. ನಮ್ಮೂರಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಮಳೆಗೆ ಇದು ಸಾಧ್ಯ ಆದರೆ ಹೊಳೆಗೆ ಯಾಕೆ ಸಾಧ್ಯ ಇಲ್ಲ? ಮುಧೋಳದ ಮನೆಗಳಿಗೆ ನುಗ್ಗುವ ನೀರು ಮುಧೋಳದಲ್ಲಿ ಬಿದ್ದ ಮಳೆಯದಲ್ಲ. 2019ರ ಆಶ್ಲೇಷ ಮಳೆಯಲ್ಲಿ ನಮ್ಮನ್ನು ಮುಳುಗಿಸಿದ ನೀರು ಘಟ್ಟದ ಮೇಲೆ ಬಿದ್ದದ್ದು. 2024ರ ಜುಲೈನಲ್ಲೂ ಹಾಗೇ, ಇಲ್ಲಿ ಮೋಡ ಇದ್ದರೂ ಅಂಥಾ ಮಳೆ ಇಲ್ಲ, ಲೋಳಸೂರ ಸೇತುವೆ ನೀರಿನಡಿ. ಬಯಲುಸೀಮೆಯ ನಮ್ಮ ಪಾಲಿಗೆ ಮಹಾಪೂರ ಅಂದರೆ ಬೇರೆಯವರ ಊರಿನ ಮಳೆ. ಹಾಗಿದ್ದ ಮೇಲೆ ನಮ್ಮ ಆಕಾಶ ನೋಡಿದರೆ ಏನು ತಿಳಿಯುತ್ತದೆ, ಹೊಳೆಯನ್ನೇ ನೋಡಬೇಕು.

ಬೇಡಿಕೆ ಬಹಳ ಇಲ್ಲ. ನಾಲ್ಕೇ.

1. ಪ್ರತಿ ಸೇತುವೆ, ಪ್ರತಿ ಬ್ಯಾರೇಜಿನ ಕಂಬಕ್ಕೆ ಮಳೆಗಾಲ ಶುರುವಾಗುವ ಮೊದಲು ಫೂಟಿನ ಪಟ್ಟಿ ಬರೆಯಬೇಕು. ಹಳದಿ, ಕಿತ್ತಳೆ, ಕೆಂಪು, ಮೂರು ಗೆರೆ ಆ ಊರಿನ ಮನೆಗಳ ಎತ್ತರ ನೋಡಿ ಹಾಕಬೇಕು.

2. ಹೊಳೆ ಹಳದಿ ದಾಟಿದ ಮೇಲೆ ಮೂರು ತಾಸಿಗೊಮ್ಮೆ ಮಟ್ಟವನ್ನೂ ಏರಿಕೆಯ ವೇಗವನ್ನೂ ಕೆಳಗಿನ ಎಲ್ಲ ಪಂಚಾಯ್ತಿಗಳಿಗೆ ತಿಳಿಸಬೇಕು. ಹಿರಣ್ಯಕೇಶಿ, ಮಾರ್ಕಂಡೇಯ ಕೂಡಿದ ಒಟ್ಟು ಲೆಕ್ಕ ಇರಬೇಕು, ಡ್ಯಾಮಿನದಷ್ಟೇ ಅಲ್ಲ.

3. ಡ್ಯಾಮಿನ ಗೇಟು ಎತ್ತುವ ಮುಂಚೆ ಕೊಡುವ ಪ್ರಕಟಣೆಯಲ್ಲಿ "ನಿಮ್ಮ ಸೇತುವೆಗೆ ಇಷ್ಟು ತಾಸಿಗೆ ಇಷ್ಟು ಫೂಟು" ಅಂತ ಒಂದು ಸಾಲು ಕಡ್ಡಾಯ.

4. 2019ರ ನೀರು ಎಲ್ಲಿತನಕ ಬಂದಿತ್ತು ಅಂತ ಶಾಲೆ, ಗುಡಿ, ಪಂಚಾಯ್ತಿ ಗೋಡೆಯ ಮೇಲೆ ತಾರೀಖು ಸಮೇತ ಅಳಿಸದ ಗೆರೆ. ಆ ಗೆರೆಯ ಕೆಳಗೆ ಹೊಸ ಮನೆ ಕಟ್ಟುವವನಿಗೆ ತಾನು ಎಲ್ಲಿ ಕಟ್ಟುತ್ತಿದ್ದೇನೆ ಅಂತ ಕಾಣಬೇಕು.

ಸರ್ಕಾರ ಮಾಡುವ ತನಕ ಕಾಯಬ್ಯಾಡ್ರಿ. ನಮ್ಮ ದಂಡೆಯಲ್ಲಿ ನಾವು ಈಗಾಗಲೇ ಹೀಗೆ ಮಾಡುತ್ತಿದ್ದೇವೆ: ಜಾಕ್‌ವೆಲ್ಲಿನ ಗೋಡೆಗೆ ಅರ್ಧ ಫೂಟಿಗೊಂದರಂತೆ ಗೆರೆ ಹಾಕಿದ್ದೇವೆ. ಮುಂಜಾನೆ ಆರಕ್ಕೆ, ಸಂಜೆ ಆರಕ್ಕೆ ಯಾರಾದರೂ ಒಬ್ಬರು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಪಕ್ಕದಲ್ಲೇ ಆ ದಿನದ ಹಿಡಕಲ್ ಹೊರಹರಿವು, ಲೋಳಸೂರಿನ ಸುದ್ದಿ. ಹೊಳೆ ಏರುತ್ತಿರುವಾಗ ತಾಸಿಗೊಮ್ಮೆ. ಎರಡು ಮಳೆಗಾಲ ಹೀಗೆ ಬರೆದರೆ ನಿಮ್ಮೂರಿನ ಕೋಷ್ಟಕ ನಿಮ್ಮ ಕೈಯಲ್ಲಿ. ಬರೆಯುವಾಗ ಎರಡು ಮಾತು ನೆನಪಿಡ್ರಿ. ಮಟ್ಟಕ್ಕಿಂತ ಏರಿಕೆಯ ವೇಗ ಮುಖ್ಯ, ಒಂದೇ ಮಟ್ಟದಲ್ಲಿದ್ದರೂ ತಾಸಿಗೆ ಇಂಚು ಏರುವ ಹೊಳೆ ಬೇರೆ, ಫೂಟು ಏರುವ ಹೊಳೆ ಬೇರೆ. ಇಳಿಯಲು ಶುರು ಆಯ್ತು ಅಂತ ದನ ವಾಪಸ್ ಹೊಡಕೊಂಡು ಬರಬ್ಯಾಡ್ರಿ, ಮೇಲಿಂದ ಎರಡನೇ ಅಲೆ ಬರುವುದುಂಟು. ಘಟ್ಟದಲ್ಲಿ ಮಳೆ ನಿಂತಿತೇ ಅಂತ ಕೇಳಿ ಆಮೇಲೆ ಬರ್ರಿ. ಇನ್ನೊಂದು, ಆ ಗೆರೆಯ ಕಂಬಕ್ಕೆ ಎಮ್ಮೆ ಕಟ್ಟುವವರಿಗೆ, ಪೋಸ್ಟರ್ ಹಚ್ಚುವವರಿಗೆ ಊರವರೇ ಬುದ್ಧಿ ಹೇಳಬೇಕು.

ಕೆಲವರು ಇದನ್ನು ರಾಜಕೀಯ ಅಂತಾರೆ. ಅನ್ನಲಿ. ಆಲಮಟ್ಟಿ ಎತ್ತರ, ಕೊಯ್ನಾದ ನೀರು, ಮಹಾರಾಷ್ಟ್ರ ಮೊದಲೋ ನಾವು ಮೊದಲೋ ಅಂತ ದೊಡ್ಡವರು ದೊಡ್ಡ ಜಗಳ ಆಡಲಿ, ಆಡಬೇಕಾದದ್ದೇ. ಅದು ಮುಗಿಯುವವರೆಗೆ ಹೊಳೆ ಕಾಯುವುದಿಲ್ಲ. ಒಂದು ಡಬ್ಬಿ ಕೆಂಪು ಬಣ್ಣ, ಒಂದು ಬ್ರಷ್ಷು, ಸರ್ವೇಯರ ಸಾಹೇಬರ ಅರ್ಧ ದಿನ, ಇಷ್ಟಕ್ಕೆ ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಿಲ್ಲ.

ಈ ಬರಹವನ್ನು ನಿಮ್ಮ ಪಂಚಾಯ್ತಿ ಸದಸ್ಯರಿಗೆ ಓದಿ ತೋರಿಸ್ರಿ. ಮುಂದಿನ ಗ್ರಾಮಸಭೆಯಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: ನಮ್ಮ ಸೇತುವೆಗೆ ಕೆಂಪು ಗೆರೆ ಎಷ್ಟು ಫೂಟಿಗೆ? ಉತ್ತರ ಬರದಿದ್ದರೆ ಸಭೆ ಮುಂದಕ್ಕೆ ಹೋಗಬ್ಯಾಡ ಅನ್ರಿ. ನಿಮ್ಮೂರಲ್ಲಿ ಹಿರೇರು ನೋಡುತ್ತಿದ್ದ ಗುರುತು ಯಾವುದು, ಕಲ್ಲೋ, ಮೆಟ್ಟಿಲೋ, ಗಿಡವೋ, ಅದನ್ನೂ ಕೆಳಗೆ ಬರೀರಿ. ಘಟಪ್ರಭೆಯ ದಂಡೆಯುದ್ದಕ್ಕೂ ಇರುವ ಗುರುತುಗಳನ್ನೆಲ್ಲ ಒಂದು ಪಟ್ಟಿ ಮಾಡೋಣ. ಪುಷ್ಯ ಮಳೆ ಬರಲು ಇನ್ನೂ ದಿನ ಇದೆ.